ನೀರೊಳಗಿನ ಫೋಟೊಗೆ ಯಾವ ಕಲರ್ ರೋಲ್? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಗೆಳೆಯರು ಫಿಲ್ಮ್ ಕ್ಯಾಮೆರಾ ಹಿಡಿದು ನೀರಿಗಿಳಿಯುವ ಮುಂಚೆ ಕೇಳುವ ಪ್ರಶ್ನೆಗಳಿವು. ಹೊಲದ ಬಾವಿಯಲ್ಲಿ ಈಸುವ ಹುಡುಗರನ್ನು ತೆಗೆಯಬೇಕು ಎನ್ನುವವರೇ ಜಾಸ್ತಿ. ಉಳಿದವರು ಘಟ್ಟ ಇಳಿದು ಸಮುದ್ರಕ್ಕೆ, ಅಂದರೆ ಮಾಲ್ವಣಕ್ಕೋ ಗೋವಾಕ್ಕೋ ಮುರುಡೇಶ್ವರದ ನೇತ್ರಾಣಿಗೋ ಹೋಗುವವರು. ಎರಡೂ ನೀರು ಬೇರೆ ಬೇರೆ. ಹಾಗಾಗಿ ರೋಲ್ ಕೂಡ ಬೇರೆ. ಇಲ್ಲಿ ಹೇಳಿರುವುದೆಲ್ಲ 35 ಎಂಎಂ ರೋಲ್ ಬಗ್ಗೆ.

ಜಾಸ್ತಿ ವಿವರ ಬೇಡ, ಯಾವ ರೋಲ್ ಕೊಳ್ಳಲಿ ಹೇಳಿ.

ಬಾವಿ, ಕೆರೆ, ಪುಷ್ಕರಣಿ ನೀರಿಗಾದರೆ 400ರ ಕಲರ್ ನೆಗೆಟಿವ್ ರೋಲ್, 36 ಫೋಟೊದ್ದು. 400 ಅನ್ನುವುದು ಫಿಲ್ಮಿನ ಸ್ಪೀಡ್ (ಐಎಸ್‌ಒ), ಅದು ಹೆಚ್ಚಿದಷ್ಟೂ ಕಡಿಮೆ ಬೆಳಕು ಸಾಕು. ಬೆಳಕು ಅಳೆಯುವ ಮೀಟರಿನಲ್ಲಿ 400 ಇಡಬೇಡಿ, 200 ಇಡಿ. ಸಮುದ್ರದ ತಿಳಿನೀರು ಇದ್ದು, ಕೈಯಲ್ಲಿ ನೀರೊಳಗಿನ ಫ್ಲಾಶ್ ಕೂಡ ಇದ್ದರೆ ಮಾತ್ರ 100ರ ಸ್ಲೈಡ್ (ಫಿಲ್ಮ್ ಮೇಲೆ ನೇರವಾಗಿ ನಿಜಬಣ್ಣದ ಚಿತ್ರ ಬರುವ ರೋಲ್) ಬಗ್ಗೆ ಯೋಚಿಸಿ. ಯಾಕೆ ಅನ್ನುವುದು ಮುಂದೆ ಇದೆ. ಅದನ್ನೂ ಓದಿದರೆ ರೋಲ್ ದುಡ್ಡು ಉಳಿಯುತ್ತದೆ.

ನೀರಿಗಿಳಿದ ಕೂಡಲೇ ಬಣ್ಣ ಯಾಕೆ ಹೋಗುತ್ತದೆ?

ನೀರು ಬೆಳಕನ್ನು ಹೀರುತ್ತದೆ. ಎಲ್ಲ ಬಣ್ಣವನ್ನೂ ಒಂದೇ ಸಮ ಹೀರುವುದಿಲ್ಲ. ಮೊದಲು ಹೋಗುವುದು ಕೆಂಪು. ಶುದ್ಧ ನೀರಲ್ಲೇ ಒಂದು ಮೀಟರ್ ದಾಟುವಷ್ಟರಲ್ಲಿ ಕೆಂಪು ಬೆಳಕಿನ ಕಾಲುಭಾಗಕ್ಕಿಂತ ಜಾಸ್ತಿ ಹೋಗಿರುತ್ತದೆ. ಐದು ಮೀಟರ್ ಆದ ಮೇಲೆ ಐದರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಅದಾದ ಮೇಲೆ ಕಿತ್ತಳೆ, ಆಮೇಲೆ ಹಳದಿ.

ಇಲ್ಲಿ ಬಹಳ ಜನ ಮರೆಯುವ ವಿಷಯ ಇದೆ. ಲೆಕ್ಕಕ್ಕೆ ಬರುವುದು ಆಳ ಮಾತ್ರ ಅಲ್ಲ. ಸೂರ್ಯನ ಬೆಳಕು ಮೇಲಿಂದ ಹುಡುಗನವರೆಗೆ ಬರಬೇಕು, ಹುಡುಗನಿಂದ ನಿಮ್ಮ ಲೆನ್ಸಿಗೆ ಬರಬೇಕು. ಎರಡೂ ಸೇರಿಸಿ. ಅವನು ಎರಡು ಮೀಟರ್ ಆಳದಲ್ಲಿದ್ದು ನೀವು ಮೂರು ಮೀಟರ್ ದೂರದಲ್ಲಿದ್ದರೆ ಒಟ್ಟು ಐದು ಮೀಟರ್ ನೀರು ಆಯಿತು. ಮುಖದ ಕೆಂಪು ಅಷ್ಟರಲ್ಲೇ ಹೋಗಿರುತ್ತದೆ. ಅದಕ್ಕೇ ಯಾವ ರೋಲ್ ಹಾಕಿದರೂ ಮೊದಲ ಮಾತು ಹತ್ತಿರ ಹೋಗಿ ಅನ್ನುವುದೇ. ಮೂರು ಮೀಟರಿನಿಂದ ಒಂದು ಮೀಟರಿಗೆ ಬಂದರೆ ಸಿಗುವ ಬಣ್ಣವನ್ನು ಯಾವ ದುಬಾರಿ ಫಿಲ್ಮೂ ಕೊಡುವುದಿಲ್ಲ.

ಮಾಲ್ವಣದ ಫೋಟೊ ನೀಲಿ ಬರುತ್ತದೆ, ನಮ್ಮ ಬಾವಿಯದು ಹಸಿರು. ಕ್ಯಾಮೆರಾ ಅದೇ, ರೋಲ್ ಅದೇ. ಯಾಕೆ ಹೀಗೆ?

ತಿಳಿಯಾದ ಸಮುದ್ರದ ನೀರಲ್ಲಿ ಎಲ್ಲಕ್ಕಿಂತ ದೂರ ಹೋಗುವುದು ನೀಲಿ. ಕೆಂಪು ಹೋದ ಮೇಲೆ ನೀಲಿ ಉಳಿಯುತ್ತದೆ.

ಬಾವಿಯ ಕಥೆ ಬೇರೆ. ದಂಡೆ ಮೇಲಿನ ಬೇವಿನ ಎಲೆ, ಆಲದ ಎಲೆ ಬಿದ್ದು ಕೊಳೆತು ಅದರ ರಸ ನೀರಿಗೆ ಇಳಿಯುತ್ತದೆ. ನೀರಲ್ಲಿ ಕರಗಿದ ಆ ಹಳದಿ-ಕಂದು ರಸ ನೀಲಿ ಬೆಳಕನ್ನು ನುಂಗುತ್ತದೆ. ಪಾಚಿ ಇದ್ದರೆ ಅದು ನೀಲಿಯನ್ನೂ ಕೆಂಪನ್ನೂ ಎರಡನ್ನೂ ನುಂಗುತ್ತದೆ. ನೀರು ತಾನೇ ಕೆಂಪು ಹೀರುತ್ತದೆ ಅಂತ ಆಗಲೇ ಹೇಳಿದೆ. ಉಳಿಯುವುದು ಹಸಿರು ಮಾತ್ರ, ಅಲ್ವಾ?

ವಿದೇಶಿ ಡೈವಿಂಗ್ ಪುಸ್ತಕಗಳಲ್ಲಿರುವ ಸಲಹೆ ಬಹುಪಾಲು ನೀಲಿ ನೀರಿಗೆ ಬರೆದದ್ದು. ಅದನ್ನು ಹಾಗೇ ತಂದು ಬಾವಿಗೆ ಹಾಕಿದರೆ ಕೆಲಸಕ್ಕೆ ಬರುವುದಿಲ್ಲ. ಸಮುದ್ರದಲ್ಲಿ ಒಂದು ಬಣ್ಣ ಕಡಿಮೆ. ನಮ್ಮ ಬಾವಿಯಲ್ಲಿ ಎರಡು ಕಡಿಮೆ.

ನೆಗೆಟಿವ್ ಒಳ್ಳೆಯದೋ, ಸ್ಲೈಡ್ ಒಳ್ಳೆಯದೋ?

ನಮ್ಮ ಹಸಿರು ನೀರಿಗೆ ನೆಗೆಟಿವ್. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಸ್ಲೈಡ್ ಫಿಲ್ಮಿನಲ್ಲಿ ಬೆಳಕು ಅರ್ಧ ಸ್ಟಾಪ್ ಆಚೀಚೆ ಆದರೂ ಫೋಟೊ ಕೆಡುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಇಲ್ಲವೇ ಅರ್ಧ). ನೀರಲ್ಲಿ ಅಷ್ಟು ಕರಾರುವಾಕ್ಕಾಗಿ ಅಳೆಯುವುದು ಕಷ್ಟ. ಮೋಡ ಸರಿದರೆ, ಯಾರೋ ಮೇಲಿಂದ ಜಿಗಿದರೆ, ನೀವು ಒಂದು ಮೊಳ ಕೆಳಗೆ ಹೋದರೆ ಲೆಕ್ಕ ಬದಲಾಗುತ್ತದೆ. ನೆಗೆಟಿವ್ ಎರಡು ಸ್ಟಾಪ್ ಜಾಸ್ತಿ ಬೆಳಕು ಬಿದ್ದರೂ ತಡೆದುಕೊಳ್ಳುತ್ತದೆ. ಎರಡನೇ ಕಾರಣ ಬಣ್ಣ. ಸ್ಲೈಡ್ ಮೇಲೆ ಬಿದ್ದ ಹಸಿರು ಅಲ್ಲೇ ಅಚ್ಚಾಗಿ ಕೂರುತ್ತದೆ. ನೆಗೆಟಿವ್ ಆದರೆ ಸ್ಕ್ಯಾನ್ ಮಾಡುವಾಗ ಸಾಕಷ್ಟು ತಿದ್ದಬಹುದು.

ಸ್ಲೈಡಿಗೂ ಅದರದೇ ಜಾಗ ಇದೆ. ನೇತ್ರಾಣಿಯ ತಿಳಿನೀರು, ಬಂಡೆಗೆ ಅಂಟಿದ ಹವಳ, ಒಂದು ಮೊಳ ದೂರದಿಂದ ಫ್ಲಾಶ್. ಅಲ್ಲಿ ಸ್ಲೈಡ್ ಕೊಡುವ ಬಣ್ಣ ನೋಡಿದರೆ ಮನಸ್ಸು ತುಂಬುತ್ತದೆ.

400ರ ರೋಲನ್ನು 200 ಅಂತ ಯಾಕೆ ಇಡಬೇಕು? ಫೋಟೊ ಬಿಳಚಿಕೊಳ್ಳುವುದಿಲ್ಲವೇ?

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದೇ. ಸ್ವಲ್ಪ ನಿಧಾನ ಓದಿ.

ಕಲರ್ ಫಿಲ್ಮಿನಲ್ಲಿ ಮೂರು ಪದರಗಳಿವೆ. ಒಂದು ನೀಲಿ ಬೆಳಕಿಗೆ, ಒಂದು ಹಸಿರಿಗೆ, ಒಂದು ಕೆಂಪಿಗೆ. ದಂಡೆ ಮೇಲೆ ಬಿಸಿಲಲ್ಲಿ ಮೂರಕ್ಕೂ ಸರಿಯಾದ ಪಾಲು ಸಿಗುತ್ತದೆ. ಬಾವಿಯೊಳಗೆ ಹಸಿರು ಪದರಕ್ಕೆ ಹೊಟ್ಟೆ ತುಂಬ ಸಿಗುತ್ತದೆ, ಕೆಂಪು ಮತ್ತು ನೀಲಿ ಪದರಗಳು ಉಪವಾಸ. ಕ್ಯಾಮೆರಾದ ಮೀಟರಿಗೆ ಇದು ಗೊತ್ತಾಗುವುದಿಲ್ಲ. ಅದು ಬಂದ ಬೆಳಕನ್ನೆಲ್ಲ ಒಟ್ಟಿಗೆ ಅಳೆಯುತ್ತದೆ. ಹಸಿರು ಸಾಕಷ್ಟಿದೆ, ಹಾಗಾಗಿ ಎಲ್ಲ ಸರಿ ಇದೆ ಎಂದು ತೋರಿಸುತ್ತದೆ. ಕೆಂಪು ಪದರ ಮಾತ್ರ ಒಂದೋ ಎರಡೋ ಸ್ಟಾಪ್ ಕಡಿಮೆಯಲ್ಲೇ ಉಳಿದುಬಿಡುತ್ತದೆ.

ಹಾಗೆ ಉಳಿದ ಪದರದಲ್ಲಿ ನೆರಳಿನ ವಿವರವೇ ಇರುವುದಿಲ್ಲ. ಸ್ಕ್ಯಾನ್ ಮಾಡುವವರು ಕೆಂಪನ್ನು ಎಳೆದರೆ ಬರುವುದು ಮರಳಿನಂಥ ಕಾಳು ಕಾಳು. ಇಲ್ಲದ ಬಣ್ಣವನ್ನು ಯಾರೂ ತರಲಾರರು.

ಒಂದು ಸ್ಟಾಪ್ ಜಾಸ್ತಿ ಬೆಳಕು ಕೊಟ್ಟರೆ ಮೂರು ಪದರಕ್ಕೂ ದುಪ್ಪಟ್ಟು ಬೀಳುತ್ತದೆ. ಹಸಿರು ಪದರಕ್ಕೆ ಅದು ಬೇಕಿರಲಿಲ್ಲ, ಆದರೂ ನೆಗೆಟಿವ್ ಅದನ್ನು ತಾಳಿಕೊಳ್ಳುತ್ತದೆ. ಕೆಂಪು ಪದರಕ್ಕೆ ಅದೇ ಜೀವ. ಪಾಚಿ ಜಾಸ್ತಿ ಇರುವ ಬಾವಿಯಾದರೆ 400ರ ರೋಲನ್ನು 100 ಅಂತ ಇಟ್ಟರೂ ನಡೆಯುತ್ತದೆ. ನೆಗೆಟಿವ್ ದಪ್ಪಗೆ, ಕಪ್ಪಗೆ ಬರುತ್ತದೆ. ಗಾಬರಿ ಬೇಡ. ತೆಳು ನೆಗೆಟಿವಿಗಿಂತ ದಪ್ಪ ನೆಗೆಟಿವ್ ಸಾವಿರ ಪಾಲು ಮೇಲು. ಕಾಳು ಕೂಡ ಕಡಿಮೆ ಕಾಣುತ್ತದೆ.

ಇದನ್ನು ಪುಶ್ ಮಾಡುವುದರ ಜೊತೆ ಕಲಸಬೇಡಿ. ಪುಶ್ ಅಂದರೆ ಬೆಳಕು ಕಡಿಮೆ ಕೊಟ್ಟು, ತೊಳೆಯುವಾಗ ಡೆವಲಪರಿನಲ್ಲಿ ಜಾಸ್ತಿ ಹೊತ್ತು ಇಡುವುದು. ಅದರಿಂದ ಕಪ್ಪು-ಬಿಳುಪಿನ ಅಂತರ ಹೆಚ್ಚುತ್ತದೆ. ಕೆಂಪು ಪದರದ ಹಸಿವು ಹಾಗೇ ಇರುತ್ತದೆ. ಇಲ್ಲಿ ರೋಲನ್ನು ಮಾಮೂಲಿಯಾಗೇ ತೊಳೆಸಬೇಕು.

ಸ್ಲೈಡ್ ರೋಲಿಗೆ ಈ ಉಪಾಯ ಹತ್ತುವುದಿಲ್ಲ. ಹಸಿರು ಪದರ ಅಲ್ಲಿ ಸುಟ್ಟು ಹೋಗುತ್ತದೆ.

100, 400, 800. ಸ್ಪೀಡ್ ಹೇಗೆ ಆರಿಸುವುದು?

ನಿಮ್ಮ ಕ್ಯಾಮೆರಾ ಮತ್ತು ನೀರಿನ ಬೆಳಕು ನೋಡಿ. ಮಧ್ಯಾಹ್ನದ ಬಿಸಿಲು ನೇರ ಬೀಳುವ ಬಾವಿಯಲ್ಲಿ, ಒಂದು ಮೀಟರ್ ಆಳಕ್ಕೆ, 400ರ ರೋಲನ್ನು 200 ಅಂತ ಲೆಕ್ಕ ಹಿಡಿದರೆ 1/125 ಸೆಕೆಂಡ್ ಶಟರ್, ಎಫ್/5.6 ಅಪರ್ಚರಿನಿಂದ (ಲೆನ್ಸಿನ ಕಿಂಡಿಯ ಅಳತೆ) ಶುರು ಮಾಡಬಹುದು. ಈಸುವವರ ಕೈಕಾಲು ಅಲುಗಾಡದಂತೆ ಬರಲು 1/125 ಬೇಕೇ ಬೇಕು. 100ರ ರೋಲ್ ಹಾಕಿ ಅದಕ್ಕೂ ಒಂದು ಸ್ಟಾಪ್ ಜಾಸ್ತಿ ಕೊಡಲು ಹೋದರೆ ಅಪರ್ಚರ್ ಎಫ್/2.8ಕ್ಕೆ ತೆರೆಯಬೇಕಾಗುತ್ತದೆ. ಆಗ ಫೋಕಸ್ ಸ್ವಲ್ಪ ತಪ್ಪಿದರೂ ಮುಖ ಮಸುಕು. 400 ಯಾಕೆ ಅನ್ನುವುದು ಈಗ ತಿಳಿಯಿತಲ್ಲ.

ಮೋಡ ಇದ್ದರೆ, ಗೋಡೆ ನೆರಳು ಜಾಸ್ತಿ ಇದ್ದರೆ 800. ಈಜುಕೊಳದ ನೀರು ತಿಳಿ, ಬಿಸಿಲೂ ಸಲೀಸಾಗಿ ಇಳಿಯುತ್ತದೆ, ಅಲ್ಲಿ 200ರ ರೋಲ್ ಸಾಕು. ಸಮುದ್ರದಲ್ಲಿ ಐದು ಮೀಟರಿನವರೆಗೆ 400, ಫ್ಲಾಶ್ ಇದ್ದರೆ 100.

ಯಾವ ಕಂಪನಿಯ ಯಾವ ರೋಲ್?

ಕೊಡಾಕ್ ಪೋರ್ಟ್ರಾ 400 ನನ್ನ ಮೊದಲ ಆಯ್ಕೆ. ಬಣ್ಣ ಮೆದು, ಜಾಸ್ತಿ ಬೆಳಕನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ನಮ್ಮ ಕಂದು ಮೈಬಣ್ಣವನ್ನು ಪ್ರೀತಿಯಿಂದ ತೋರಿಸುತ್ತದೆ. ಬೆಲೆ ಮಾತ್ರ ಭಾರಿ. ಅದು ಆಗದಿದ್ದರೆ ಕೊಡಾಕ್ ಅಲ್ಟ್ರಾಮ್ಯಾಕ್ಸ್ 400. ಕಾಂಟ್ರಾಸ್ಟ್ ಸ್ವಲ್ಪ ಜಾಸ್ತಿ, ಕಾಳೂ ಸ್ವಲ್ಪ ಜಾಸ್ತಿ, ಆದರೂ ಬಾವಿಗೆ ಒಳ್ಳೆಯ ರೋಲ್. ಕಲಿಯುವವರು ಇದರಿಂದಲೇ ಶುರು ಮಾಡಲಿ.

ಕೊಡಾಕ್ ಗೋಲ್ಡ್ 200 ಬಿಸಿಲಿನ ಈಜುಕೊಳಕ್ಕೆ ಸರಿ. ಪೋರ್ಟ್ರಾ 800 ಕತ್ತಲ ಬಾವಿಗೆ ಸರಿ. ಎಕ್ಟಾರ್ 100 ಬಗ್ಗೆ ಬಹಳ ಜನ ಕೇಳುತ್ತಾರೆ. ದಂಡೆ ಮೇಲೆ ಅದು ಅದ್ಭುತ ರೋಲ್, ಬಾದಾಮಿಯ ಕೆಂಪು ಬಂಡೆಗೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ನೀರೊಳಗೆ ಬೇಡ ಅನ್ನುತ್ತೇನೆ. ನಿಧಾನದ ರೋಲ್, ಬಣ್ಣ ಗಾಢ, ಇರುವ ಹಸಿರನ್ನು ಇನ್ನೂ ಗಾಢ ಮಾಡುತ್ತದೆ.

ಸ್ಲೈಡಿನಲ್ಲಿ ಕೊಡಾಕ್ ಎಕ್ಟಾಕ್ರೋಮ್ ಇ100 ಮತ್ತು ಫ್ಯೂಜಿ ಪ್ರೊವಿಯಾ 100ಎಫ್ ಎರಡೂ ಸಮಾಧಾನದ ಬಣ್ಣದವು. ಫ್ಯೂಜಿ ವೆಲ್ವಿಯಾ 50 ಬಂದದ್ದು 1990ರಲ್ಲಿ. ಅದರ ಗಾಢ ಬಣ್ಣ ನೋಡಿ ಭೂದೃಶ್ಯ ತೆಗೆಯುವವರು ಮರುಳಾದರು. ನೀರೊಳಗೆ ಅದನ್ನು ಹವಳ, ಬಣ್ಣದ ಮೀನಿಗೆ ಫ್ಲಾಶ್ ಜೊತೆ ಮಾತ್ರ ಹಾಕಿ. ಮನುಷ್ಯರ ಮುಖಕ್ಕೆ ಹಾಕಬೇಡಿ.

ಕೊಡಾಕ್ರೋಮ್ ಈಗಲೂ ಸಿಗುತ್ತದಾ?

ಇಲ್ಲ. 1935ರಲ್ಲಿ ಬಂದ ಆ ಸ್ಲೈಡ್ ಫಿಲ್ಮನ್ನು ಕೊಡಾಕ್ 2009ರಲ್ಲಿ ನಿಲ್ಲಿಸಿತು. ಅದನ್ನು ತೊಳೆಯುವ ಕೊನೆಯ ಲ್ಯಾಬ್ ಅಮೆರಿಕದ ಕಾನ್ಸಾಸ್‌ನಲ್ಲಿತ್ತು. 2010ರ ಕೊನೆಯ ವಾರಕ್ಕೆ ಅದೂ ಹೊಸ ರೋಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಹಳೆ ರೋಲ್ ಸಿಕ್ಕರೂ ಅದನ್ನು ಬಣ್ಣ ಬರುವಂತೆ ತೊಳೆಯುವ ವ್ಯವಸ್ಥೆ ಇಲ್ಲ. ನೀರೊಳಗಿನ ಕೆಲಸಕ್ಕೆಂದೇ ಕೊಡಾಕ್ 90ರ ದಶಕದಲ್ಲಿ ಒಂದು ಎಕ್ಟಾಕ್ರೋಮ್ ಮಾಡಿತ್ತು, ಅದೂ ಈಗಿಲ್ಲ. ಡೇಟ್ ಮುಗಿದ ರೋಲುಗಳನ್ನು ಅಗ್ಗಕ್ಕೆ ಸಿಕ್ಕಿತು ಅಂತ ನೀರಿಗೆ ತರಬೇಡಿ. ಬಣ್ಣ ಮೊದಲೇ ವಾಲಿರುತ್ತದೆ, ನೀರಿನ ಹಸಿರೂ ಸೇರಿದರೆ ಯಾವುದು ಯಾರ ತಪ್ಪು ಅಂತ ಹುಡುಕಲು ಆಗುವುದಿಲ್ಲ.

ಸಿನಿಮಾ ಫಿಲ್ಮಿನ 800ಟಿ ಹಾಕಬಹುದಾ? ಸ್ಪೀಡ್ ಚೆನ್ನಾಗಿದೆಯಲ್ಲ.

ಬೇಡ. ಅದು ಬಲ್ಬಿನ ಹಳದಿ ಬೆಳಕಿಗೆ ಮಾಡಿದ ಫಿಲ್ಮ್. ಹಗಲು ಬೆಳಕಲ್ಲಿ ತಾನೇ ನೀಲಿಗೆ ವಾಲುತ್ತದೆ. ಕೆಂಪು ಇಲ್ಲದ ಕಡೆ ಇನ್ನಷ್ಟು ಕೆಂಪು ಕಳೆದಂತೆ.

ಇಳಕಲ್ ಸೀರೆ ಉಡಿಸಿ ನೀರೊಳಗೆ ಫೋಟೊ ತೆಗೆದೆವು. ಕೆಂಪು ಸೆರಗು ಕಪ್ಪಾಗಿ ಬಂದಿದೆ. ಯಾವ ರೋಲ್ ಹಾಕಿದ್ದರೆ ಸರಿ ಬರುತ್ತಿತ್ತು?

ಮದುವೆ ಮುಂಚಿನ ಫೋಟೊ ಶೂಟ್ ಮಾಡುವವರಿಂದ ಈ ಪ್ರಶ್ನೆ ಬರುತ್ತದೆ. ಪ್ರಾಮಾಣಿಕ ಉತ್ತರ ಅಂದರೆ, ಯಾವ ರೋಲ್ ಹಾಕಿದ್ದರೂ ಅಷ್ಟೇ. ಸೆರಗು ಕೆಂಪಾಗಿ ಕಾಣಲು ಅದರ ಮೇಲೆ ಕೆಂಪು ಬೆಳಕು ಬೀಳಬೇಕು. ಅಲ್ಲಿ ಕೆಂಪು ಬೆಳಕೇ ತಲುಪಿಲ್ಲ. ಹಸಿರು ಬೆಳಕನ್ನು ಕೆಂಪು ಬಟ್ಟೆ ನುಂಗಿಬಿಡುತ್ತದೆ, ವಾಪಸ್ ಕೊಡುವುದಿಲ್ಲ. ಹಾಗಾಗಿ ಕಪ್ಪು.

ದಾರಿ ಮೂರಿವೆ. ಸೀರೆ ಉಟ್ಟವರು ನೀರಿನ ಮೇಲ್ಭಾಗಕ್ಕೆ ಅಂಟಿಕೊಂಡಂತೆ, ಅರ್ಧ ಮೀಟರ್ ಆಳದಲ್ಲಿ ಇರಲಿ, ನೀವು ಒಂದು ಮೀಟರ್ ಒಳಗೆ ಬನ್ನಿ. ಇಲ್ಲವೇ ಫ್ಲಾಶ್ ತನ್ನಿ. ಎರಡೂ ಆಗದಿದ್ದರೆ ಸೀರೆಯ ಬಣ್ಣ ಬದಲಿಸಿ. ಹಸಿರು, ಹಳದಿ, ಬಿಳಿ ಚೆನ್ನಾಗಿ ಬರುತ್ತವೆ. ಇಳಕಲ್ ಸೆರಗಿನ ಕೆಂಪಿನ ನಡುವಿನ ಬಿಳಿ ತೆನೆ ಸಾಲು ನೀರಲ್ಲೂ ಎದ್ದು ಕಾಣುತ್ತದೆ, ಅದನ್ನೇ ಎದುರಿಗೆ ಹಿಡಿಸಿ.

ಮತ್ತೊಂದು ಮಾತು. ಒದ್ದೆಯಾದ ಒಂಬತ್ತು ಗಜದ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಚೆನ್ನಾಗಿ ಈಸು ಬರುವವರಾದರೂ ಮುಳುಗುವ ಅಪಾಯ ಇದೆ. ಕಾಲು ನೆಲಕ್ಕೆ ತಾಗುವ ಈಜುಕೊಳದಲ್ಲಿ ಮಾತ್ರ ಇದನ್ನು ಮಾಡಿ, ಪಕ್ಕದಲ್ಲಿ ಹಿಡಿಯಲು ಒಬ್ಬರಿರಲಿ. ಬಾವಿಯಲ್ಲಿ ಬೇಡವೇ ಬೇಡ.

ಕೆಂಪು ಫಿಲ್ಟರ್ ಹಾಕಿದರೆ ಸಾಲದೇ?

ಫಿಲ್ಟರ್ ಕೆಂಪನ್ನು ತಂದು ಕೊಡುವುದಿಲ್ಲ. ಉಳಿದ ಬಣ್ಣಗಳನ್ನು ತಡೆಯುತ್ತದೆ, ಅಷ್ಟೇ. ಅದಕ್ಕೆ ಬೆಲೆಯಾಗಿ ಒಂದರಿಂದ ಒಂದೂವರೆ ಸ್ಟಾಪ್ ಬೆಳಕು ಹೋಗುತ್ತದೆ. ಫ್ಲಾಶ್ ಇಲ್ಲದೆ ಸ್ಲೈಡ್ ತೆಗೆಯುವವರಿಗೆ ಇದು ಬೇಕು, ಯಾಕೆಂದರೆ ಆಮೇಲೆ ತಿದ್ದಲು ಆಗುವುದಿಲ್ಲ. ನೆಗೆಟಿವ್ ತೆಗೆಯುವವರಿಗೆ ಒಂದು ಸ್ಟಾಪ್ ಜಾಸ್ತಿ ಕೊಟ್ಟರೆ ಹೆಚ್ಚುಕಡಿಮೆ ಅದೇ ಲಾಭ ಸಿಗುತ್ತದೆ, ಫಿಲ್ಟರ್ ಖರ್ಚೂ ಇಲ್ಲ.

ಹಾಕಲೇಬೇಕು ಅಂದರೆ ನೀಲಿ ಸಮುದ್ರಕ್ಕೆ ಕೆಂಪು ಛಾಯೆಯದು, ಹಸಿರು ಬಾವಿಗೆ ಮಜೆಂಟಾ ಛಾಯೆಯದು. ಹಸಿರನ್ನು ತಡೆಯುವುದು ಮಜೆಂಟಾ. ಹತ್ತು ಮೀಟರಿನ ಕೆಳಗೆ ಎರಡೂ ಪ್ರಯೋಜನಕ್ಕೆ ಬರುವುದಿಲ್ಲ. ಫ್ಲಾಶ್ ಹಾಕಿದಾಗ ಫಿಲ್ಟರ್ ತೆಗೆಯಿರಿ, ಇಲ್ಲದಿದ್ದರೆ ಮುಂದಿನದೆಲ್ಲ ಕೆಂಪಗಾಗುತ್ತದೆ.

ಫ್ಲಾಶ್ ಇದ್ದರೆ ಫಿಲ್ಮ್ ಆಯ್ಕೆ ಬದಲಾಗುತ್ತದಾ?

ಪೂರ್ತಿ ಬದಲಾಗುತ್ತದೆ. ಫ್ಲಾಶ್ ಅಂದರೆ ನೀವು ಹಗಲು ಬೆಳಕನ್ನು ಮೀನಿನ ಪಕ್ಕಕ್ಕೇ ಹೊತ್ತುಕೊಂಡು ಹೋದ ಹಾಗೆ. ಸ್ಪೀಡ್ ಜಾಸ್ತಿ ಇರುವ ರೋಲ್ ಬೇಕಾಗುವುದಿಲ್ಲ. 100ರ ಸ್ಲೈಡ್ ತನ್ನ ಪೂರ್ಣ ಬಣ್ಣ ತೋರಿಸುವುದು ಇಲ್ಲೇ.

ನೀರೊಳಗಿನ ಮೊದಲ ಕಲರ್ ಫೋಟೊ ಹುಟ್ಟಿದ್ದೂ ಹೀಗೇ. 1926ರಲ್ಲಿ ಅಮೆರಿಕದ ಫ್ಲಾರಿಡಾ ಹತ್ತಿರ ಡ್ರೈ ಟಾರ್ಟುಗಾಸ್ ಎಂಬಲ್ಲಿ ವಿಲಿಯಂ ಲಾಂಗ್ಲಿ ಮತ್ತು ಚಾರ್ಲ್ಸ್ ಮಾರ್ಟಿನ್ ಒಂದು ಮೀನಿನ ಚಿತ್ರ ತೆಗೆದರು. ಆಟೊಕ್ರೋಮ್ ಎಂಬ ಆಗಿನ ಕಲರ್ ಗಾಜಿನ ಪ್ಲೇಟು ತೀರಾ ನಿಧಾನದ್ದು. ಬೆಳಕು ಸಾಲದೆ ಅವರು ನೀರಿನ ಮೇಲೆ ತೇಲುವ ತೆಪ್ಪದಲ್ಲಿ ಮೆಗ್ನೀಷಿಯಂ ಪುಡಿ ಸಿಡಿಸಿದರು. ಮುಂದಿನ ವರ್ಷ ಜನವರಿಯ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಆ ಚಿತ್ರ ಅಚ್ಚಾಯಿತು. ಬಣ್ಣ ಬೇಕಾದರೆ ಬೆಳಕು ಹೊರಗಿಂದ ತರಬೇಕು ಅನ್ನುವುದು ಮೊದಲ ಚಿತ್ರದಿಂದಲೇ ಇರುವ ನಿಯಮ.

ಫ್ಲಾಶ್ ಬೆಳಕೂ ನೀರಲ್ಲಿ ಹೋಗಿ ಬರಬೇಕು, ಅದರ ಕೆಂಪೂ ದಾರಿಯಲ್ಲಿ ಕರಗುತ್ತದೆ. ಒಂದೂವರೆ ಮೀಟರ್ ಆಚೆ ಅದನ್ನು ನಂಬಬೇಡಿ. ಗಾಳಿಯಲ್ಲಿನ ಗೈಡ್ ನಂಬರನ್ನು (ಫ್ಲಾಶಿನ ಶಕ್ತಿ ಹೇಳುವ ಸಂಖ್ಯೆ) ನೀರಲ್ಲಿ ಮೂರನೇ ಒಂದು ಭಾಗ ಅಂತ ಹಿಡಿದು ಶುರು ಮಾಡಿ. ಫ್ಲಾಶ್ ಲೆನ್ಸಿನ ಪಕ್ಕದಲ್ಲೇ ಇದ್ದರೆ ನೀರಲ್ಲಿ ತೇಲುವ ಕಸವೆಲ್ಲ ಹಿಮ ಸುರಿದಂತೆ ಬೆಳ್ಳಗೆ ಬರುತ್ತದೆ. ಉದ್ದನೆ ತೋಳಿನ ಮೇಲೆ ಬದಿಗೆ, ಮೇಲಕ್ಕೆ ಎತ್ತಿ ಕಟ್ಟಿ. ಬಾವಿಯ ರಾಡಿ ನೀರಲ್ಲಿ ಎಷ್ಟು ಬದಿಗೆ ಕಟ್ಟಿದರೂ ಕಸ ಬರುತ್ತದೆ. ಅದಕ್ಕೇ ಅಲ್ಲಿ ಫ್ಲಾಶ್ ಬಿಟ್ಟು ಬಿಸಿಲನ್ನೇ ನಂಬಿ ಅನ್ನುತ್ತೇನೆ.

ನೀರಿಗೆ ತಡೆಯುವ ಯೂಸ್ ಅಂಡ್ ಥ್ರೋ ಕ್ಯಾಮೆರಾ ಸಾಕಾ?

ಶುರು ಮಾಡಲು ಸಾಕು, ಮಕ್ಕಳಿಗೂ ಚೆನ್ನ. ಫ್ಯೂಜಿಯದು 10 ಮೀಟರ್, ಕೊಡಾಕ್‌ನದು 15 ಮೀಟರ್ ಆಳಕ್ಕೆ. ಎರಡರಲ್ಲೂ ಒಳಗೆ 800ರ ಕಲರ್ ನೆಗೆಟಿವ್, 27 ಫೋಟೊ. ಶಟರ್, ಅಪರ್ಚರ್ ಬದಲಿಸಲು ಆಗದು, ಫ್ಲಾಶ್ ಇಲ್ಲ. ಹಾಗಾಗಿ ಬಿಸಿಲು ಬಿದ್ದಿರುವ ಕಡೆ, ಎರಡು ಮೀಟರ್ ಆಳದೊಳಗೆ ಮಾತ್ರ ಬಳಸಿ. ಒಂದು ಮೀಟರಿಗಿಂತ ಹತ್ತಿರ ಹೋದರೆ ಮಸುಕು ಬರುತ್ತದೆ.

ನೀರೊಳಗೆ ಬಳಸುವ ಹಳೆ ನಿಕೊನಾಸ್ ಕ್ಯಾಮೆರಾ ಸಿಕ್ಕಿದೆ. ಏನು ನೋಡಿಕೊಳ್ಳಲಿ?

ಭಾಗ್ಯ. ಫ್ರಾನ್ಸಿನ ಸಮುದ್ರ ಸಂಶೋಧಕ ಕುಸ್ತೊ ಅವರಿಗಾಗಿ ಮಾಡಿದ ಕ್ಯಾಲಿಪ್ಸೊ ಕ್ಯಾಮೆರಾದಿಂದ ಬೆಳೆದ ವಂಶ ಅದು. ನಿಕಾನ್ ಅದನ್ನು 2001ರವರೆಗೆ ಮಾಡಿತು. ಮೊದಲು ರಬ್ಬರ್ ರಿಂಗುಗಳನ್ನು ಬದಲಿಸಿ. ಒಂದು ಕೂದಲು ಸಿಕ್ಕಿಕೊಂಡರೂ ನೀರು ಒಳಗೆ ಬರುತ್ತದೆ. ರೋಲ್ ಹಾಕದೆ ಬಕೆಟಿನಲ್ಲಿ ಮುಳುಗಿಸಿ ನೋಡಿ, ಆಮೇಲೆ ಬಾವಿ.

35 ಎಂಎಂ ಲೆನ್ಸ್ ನೀರಲ್ಲೂ ದಂಡೆಯಲ್ಲೂ ನಡೆಯುತ್ತದೆ. ದೂರವನ್ನು ಅಂದಾಜಿನಿಂದ ಇಡಬೇಕು. ನೀರಲ್ಲಿ ವಸ್ತು ಇರುವುದಕ್ಕಿಂತ ಹತ್ತಿರ ಕಾಣುತ್ತದೆ, ನಾಲ್ಕು ಅಡಿಯದು ಮೂರು ಅಡಿಯಂತೆ. ಲೆನ್ಸಿಗೂ ಹಾಗೇ ಕಾಣುತ್ತದೆ. ಹಾಗಾಗಿ ಕಣ್ಣಿಗೆ ಎಷ್ಟು ಅನಿಸಿತೋ ಅಷ್ಟನ್ನೇ ಇಡಿ.

ಯಾವ ತಿಂಗಳು, ಎಷ್ಟು ಹೊತ್ತಿಗೆ ಬಾವಿಗೆ ಇಳಿದರೆ ಒಳ್ಳೆಯದು?

ನಮ್ಮ ಜಿಲ್ಲೆಗಳಿಗೆ ಇದರಲ್ಲಿ ಒಂದು ಅದೃಷ್ಟ ಇದೆ. ಮೇ ತಿಂಗಳ ಮೊದಲ ವಾರದ ಆಸುಪಾಸು ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೆಳಕಿನ ಕಂಬ ನೇರ ಬಾವಿಯ ತಳಕ್ಕೆ ಇಳಿಯುತ್ತದೆ. ಶಾಲೆಗೆ ರಜೆ, ಹುಡುಗರೆಲ್ಲ ಬಾವಿಯಲ್ಲೇ. ಮತ್ತೊಮ್ಮೆ ನೆತ್ತಿಗೆ ಬರುವುದು ಆಗಸ್ಟ್ ಮೊದಲ ಭಾಗದಲ್ಲಿ, ಆಗ ಮೋಡ, ರಾಡಿ.

ಹೊತ್ತಿನ ವಿಷಯ. ಗಡಿಯಾರದ 12 ಗಂಟೆಗೆ ಕಾಯಬೇಡಿ. ನಮ್ಮ ಗಡಿಯಾರ ಪೂರ್ವದ ಮಿರ್ಜಾಪುರ ಕಡೆಯ ರೇಖೆಯ ಲೆಕ್ಕದ್ದು. ಬೆಳಗಾವಿ ಅದಕ್ಕಿಂತ ಬಹಳ ಪಶ್ಚಿಮಕ್ಕಿದೆ. ಮೇ ತಿಂಗಳಲ್ಲಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 12:30ಕ್ಕೆ, ವಿಜಯಪುರದಲ್ಲಿ ನಾಲ್ಕೈದು ನಿಮಿಷ ಮುಂಚೆ. 12ರಿಂದ 1ರ ನಡುವೆ ರೋಲಿನ ಬಹುಪಾಲು ಮುಗಿಸಿ.

ಮಳೆ ಮುಗಿದು ನೀರು ತಿಳಿಯಾಗುವುದು ನವೆಂಬರ್ ಹೊತ್ತಿಗೆ. ನೀರು ಚೆನ್ನಾಗಿರುತ್ತದೆ, ಸೂರ್ಯ ಮಾತ್ರ ವಾರೆಯಾಗಿರುತ್ತಾನೆ. ಡಿಸೆಂಬರ್ ಮಧ್ಯಾಹ್ನ ಆಳದ ಬಾವಿಯ ತಳಕ್ಕೆ ಬಿಸಿಲು ಬೀಳುವುದೇ ಇಲ್ಲ, ಆಗ 800ರ ರೋಲ್. ಸಮುದ್ರಕ್ಕೆ ಹೋಗುವವರು ಮಳೆಗಾಲ ಮುಗಿದ ಮೇಲೆ, ಅಲೆ ಶಾಂತ ಆದ ಮೇಲೆ ಹೋಗಿ.

ಡ್ಯಾಮ್, ಹೊಳೆ, ಪುಷ್ಕರಣಿಗಳಲ್ಲಿ ತೆಗೆಯಬಹುದಾ?

ಕೃಷ್ಣಾ ಹೊಳೆ ಬೇಡ. ಮೊಸಳೆಗಳಿವೆ. ಮಳೆಗಾಲದಲ್ಲಿ ಎರೆಮಣ್ಣು ಕರಗಿದ ನೀರಲ್ಲಿ ಚಾಚಿದ ಕೈ ಕೂಡ ಕಾಣುವುದಿಲ್ಲ. ಆಲಮಟ್ಟಿ, ಹಿಡಕಲ್, ನವಿಲುತೀರ್ಥ ಜಲಾಶಯಗಳಲ್ಲಿ ಅನುಮತಿ ಇಲ್ಲದೆ ನೀರಿಗಿಳಿಯಬೇಡಿ. ರಾಕಸಕೊಪ್ಪ ಬೆಳಗಾವಿಗೆ ಕುಡಿಯುವ ನೀರು, ಅಲ್ಲಿ ಯೋಚನೆಯೂ ಬೇಡ. ವಿಜಯಪುರದ ತಾಜ್ ಬಾವಡಿಯನ್ನು ಮೆಟ್ಟಿಲ ಮೇಲಿಂದ ತೆಗೆಯಿರಿ, ನೀರಲ್ಲಿ ಬೀಳುವ ಕಮಾನಿನ ನೆರಳೇ ಒಂದು ರೋಲಿಗೆ ಸಾಕಾಗುವಷ್ಟಿದೆ.

ಬಾದಾಮಿ ಹತ್ತಿರದ ಮಹಾಕೂಟದ ಪುಷ್ಕರಣಿಗೆ ಬುಗ್ಗೆ ನೀರು. ಜನ ಭಕ್ತಿಯಿಂದ ಸ್ನಾನ ಮಾಡುವ ಜಾಗ. ಕ್ಯಾಮೆರಾ ಹಿಡಿದು ಇಳಿಯುವ ಮುಂಚೆ ದೇವಸ್ಥಾನದವರನ್ನು ಕೇಳಿ. ಸ್ನಾನ ಮಾಡುವವರ ಕಡೆ ಲೆನ್ಸ್ ತಿರುಗಿಸಬೇಡಿ.

ಹೊಲದ ಬಾವಿಗೆ ಇಳಿಯುವ ಮುಂಚೆ?

ಹೊಲದ ಯಜಮಾನರನ್ನು ಕೇಳಿ. ಮೋಟರಿನ ಮೇನ್ ಸ್ವಿಚ್ ತೆಗೆಸಿ, ವೈರು ನೀರಿಗೆ ತಾಗಿದ್ದರೆ ಇಳಿಯಲೇಬೇಡಿ. ಕರೆಂಟ್ ಯಾವಾಗ ಬರುತ್ತದೆ ಹೇಳಲಾಗದು, ಹಾಗಾಗಿ ಸ್ವಿಚ್ ಹತ್ತಿರ ಒಬ್ಬರು ನಿಂತಿರಲಿ. ದಂಡೆ ಮೇಲೆ ಹಗ್ಗ, ಗಾಳಿ ತುಂಬಿದ ಟ್ಯೂಬ್, ಈಸು ಬರುವ ದೊಡ್ಡವರೊಬ್ಬರು ಇರಬೇಕು. ಮಕ್ಕಳ ಫೋಟೊಗೆ ತಂದೆತಾಯಿ ಒಪ್ಪಿಗೆ ಬೇಕು. ಚೆಂದದ ಫೋಟೊ ಬರಲಿ ಅಂತ ಹುಡುಗರಿಗೆ ಇನ್ನೂ ಸ್ವಲ್ಪ ಹೊತ್ತು ಉಸಿರು ಹಿಡಿ ಎಂದು ಯಾವತ್ತೂ ಹೇಳಬೇಡಿ.

ನಮ್ಮ ಬೇಸಿಗೆಯಲ್ಲಿ ರೋಲ್ ಹೇಗೆ ಕಾಪಾಡುವುದು?

ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ನಿಲ್ಲಿಸಿದ ಕಾರಿನೊಳಗೆ ಇನ್ನೂ ಜಾಸ್ತಿ. ಅಲ್ಲಿ ಒಂದು ಮಧ್ಯಾಹ್ನ ಬಿಟ್ಟರೂ ಬಣ್ಣ ಹಾಳಾಗಬಹುದು. ಮನೆಯಲ್ಲಿ ಫ್ರಿಜ್‌ನಲ್ಲಿಡಿ. ಹೊರತೆಗೆದು ಒಂದೆರಡು ತಾಸು ಬಿಟ್ಟು ಡಬ್ಬಿ ತೆರೆಯಿರಿ, ಇಲ್ಲದಿದ್ದರೆ ಫಿಲ್ಮ್ ಮೇಲೆ ಬೆವರು ಕಟ್ಟುತ್ತದೆ. ಹೊಲದಲ್ಲಾದರೆ ಮರದ ನೆರಳಲ್ಲಿ ಚೀಲದೊಳಗೆ, ಊರಲ್ಲಾದರೆ ಮಣ್ಣಿನ ಮಾಳಿಗೆ ಮನೆಯ ಒಳಕೋಣೆ ತಂಪಾಗಿರುತ್ತದೆ.

ಬೆಳಗಾವಿಯ ಸಾಂಬ್ರಾದಿಂದ ವಿಮಾನದಲ್ಲಿ ಹೋಗುವವರು ರೋಲುಗಳನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ, ಕೈಯಿಂದ ನೋಡಿ ಅಂತ ವಿನಂತಿ ಮಾಡಿ. ಚೆಕ್-ಇನ್ ಲಗೇಜಿಗೆ ಹಾಕಿದರೆ ಎಕ್ಸ್-ರೇ ಮಂಜು ಕವಿಸುತ್ತದೆ, 800ರ ರೋಲಿಗೆ ಬೇಗ.

ತೊಳೆಸುವುದು ಎಲ್ಲಿ? ಲ್ಯಾಬಿನವರಿಗೆ ಏನು ಹೇಳಬೇಕು?

ಊರಿನ ಸ್ಟುಡಿಯೋಗಳಲ್ಲಿ ಬಹಳಷ್ಟು ಈ ಕೆಲಸ ನಿಲ್ಲಿಸಿವೆ. ಬೆಂಗಳೂರು, ಮುಂಬೈ ಲ್ಯಾಬುಗಳಿಗೆ ಕೊರಿಯರ್ ಮಾಡುವುದು ರೂಢಿ. ನೆಗೆಟಿವ್ ತೊಳೆಯುವ ಕ್ರಮಕ್ಕೆ ಸಿ-41, ಸ್ಲೈಡಿಗೆ ಇ-6 ಎನ್ನುತ್ತಾರೆ. ಇ-6 ಮಾಡುವವರು ಕಡಿಮೆ, ಖರ್ಚೂ ಹೆಚ್ಚು. ಸ್ಲೈಡ್ ಕೊಳ್ಳುವ ಮುಂಚೆ ಇದನ್ನು ವಿಚಾರಿಸಿಕೊಳ್ಳಿ.

ಚೀಟಿಯಲ್ಲಿ ನೀರೊಳಗೆ ತೆಗೆದದ್ದು ಎಂದು ಬರೆಯಿರಿ. 400ರ ರೋಲ್, ಒಂದು ಸ್ಟಾಪ್ ಜಾಸ್ತಿ ಕೊಟ್ಟಿದ್ದೇನೆ, ಮಾಮೂಲಿಯಾಗಿ ತೊಳೆಯಿರಿ ಎಂದೂ ಬರೆಯಿರಿ. ಸ್ಕ್ಯಾನರಿನ ಆಟೊ ಕಲರ್ ಬಂದ್ ಇರಲಿ, 16 ಬಿಟ್ ಟಿಫ್ ಫೈಲ್ ಕೊಡಿ ಅಂತ ಕೇಳಿ. ಜೆಪೆಗ್ ಫೈಲಿನಲ್ಲಿ ಕೆಂಪನ್ನು ಎಳೆಯಲು ಹೋದರೆ ಬಣ್ಣ ಹರಿಯುತ್ತದೆ. ನೆಗೆಟಿವನ್ನು ವಾಪಸ್ ತರಿಸಿಕೊಳ್ಳುವುದು ಮರೆಯಬೇಡಿ.

ಮನೆಯಲ್ಲೇ ತೊಳೆಯುವವರಿಗೆ: ಸಿ-41 ಡೆವಲಪರ್ 38 ಡಿಗ್ರಿ, 3 ನಿಮಿಷ 15 ಸೆಕೆಂಡ್. ನಮ್ಮ ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಕೊನೆಯ ತೊಳೆತಕ್ಕೆ ಡಿಸ್ಟಿಲ್ಡ್ ವಾಟರ್ ಬಳಸಿ.

ಮೊದಲ ರೋಲ್ ಹೇಗೆ ಬಳಸಲಿ?

ಬಿಳಿ ಪ್ಲಾಸ್ಟಿಕ್ ಮುಚ್ಚಳವೊಂದನ್ನು ಜೊತೆಗೆ ತನ್ನಿ. ಫೋಟೊ ತೆಗೆಯುವ ಆಳದಲ್ಲೇ ಅದನ್ನು ಹಿಡಿಸಿ ಮೊದಲ ಫೋಟೊ ತೆಗೆಯಿರಿ. ಸ್ಕ್ಯಾನ್ ಮಾಡುವವರಿಗೆ ಬಿಳಿ ಯಾವುದು ಅಂತ ಗೊತ್ತಾಗುತ್ತದೆ, ಉಳಿದ ಬಣ್ಣಗಳನ್ನು ಅದರ ಮೇಲೆ ಕೂರಿಸಬಹುದು. ಆಮೇಲೆ ಅದೇ ಹುಡುಗ, ಅದೇ ಜಾಗ, 400 ಎಂದು ಒಂದು, 200 ಎಂದು ಒಂದು, 100 ಎಂದು ಒಂದು. ಇದನ್ನು ಅರ್ಧ ಮೀಟರ್ ಆಳದಲ್ಲಿ ಮತ್ತು ಎರಡು ಮೀಟರ್ ಆಳದಲ್ಲಿ ಮಾಡಿ. ಒಂದು ಮೀಟರ್ ದೂರ, ಎರಡು ಮೀಟರ್ ದೂರ ಎಂದೂ ಬದಲಿಸಿ. ಪ್ರತಿ ಫೋಟೊದ ಲೆಕ್ಕವನ್ನು ದಂಡೆ ಮೇಲಿರುವವರಿಗೆ ಕೂಗಿ ಹೇಳಿ ಬರೆಸಿ. ಆ ಚೀಟಿ ನಿಮ್ಮ ಬಾವಿಗೆ ನೀವೇ ಮಾಡಿಕೊಂಡ ಪಟ್ಟಿ. ಪಕ್ಕದ ಹೊಲದ ಬಾವಿಗೆ ಅದು ಸರಿಹೊಂದದಿರಬಹುದು.

ಕ್ಯಾಮೆರಾದೊಳಗೆ ನೀರು ಹೋಯಿತು. ರೋಲ್ ಉಳಿಸಬಹುದಾ?

ಕೆಲವೊಮ್ಮೆ ಉಳಿಯುತ್ತದೆ. ಒಣಗಿಸಲು ಹೋಗಬೇಡಿ. ಒದ್ದೆ ಫಿಲ್ಮ್ ಸುತ್ತಿಕೊಂಡಂತೆಯೇ ಒಣಗಿದರೆ ಪದರಗಳು ಒಂದಕ್ಕೊಂದು ಅಂಟಿ ಕಿತ್ತು ಬರುತ್ತವೆ. ಕತ್ತಲಲ್ಲಿ ರೋಲನ್ನು ಹೊರತೆಗೆದು, ಬೆಳಕು ತೂರದ ಡಬ್ಬಿಯಲ್ಲಿ ತಣ್ಣನೆ ಶುದ್ಧ ನೀರು ತುಂಬಿ ಅದರಲ್ಲಿ ಮುಳುಗಿಸಿಡಿ. ಸಮುದ್ರದ ನೀರು ಹೊಕ್ಕಿದ್ದರೆ ಒಂದೆರಡು ಸಲ ನೀರು ಬದಲಿಸಿ, ಉಪ್ಪು ಹೋಗಲಿ. ಕೊರಿಯರಿಗೆ ಕಾಯುವಷ್ಟು ಹೊತ್ತು ಇರುವುದಿಲ್ಲ. ಮನೆಯಲ್ಲಿ ತೊಳೆಯುವ ಗೆಳೆಯರು ಹತ್ತಿರ ಇದ್ದರೆ ಅವರಲ್ಲಿಗೆ ಹೋಗಿ, ಒದ್ದೆ ರೋಲ್ ಎಂದು ಮೊದಲೇ ಹೇಳಿ. ಅದನ್ನು ಮಷಿನ್‌ಗೆ ಹಾಕುವಂತಿಲ್ಲ, ಕೈಯಿಂದಲೇ ತೊಳೆಯಬೇಕು. ಕ್ಯಾಮೆರಾವನ್ನೂ ಅದೇ ದಿನ ಸಿಹಿನೀರಲ್ಲಿ ತೊಳೆದು ರಿಪೇರಿಗೆ ಕಳಿಸಿ.